ಖಟಕಾ ಎಳೆದ ಕೈ

ನವಚಂದ್ರ ಟಾಕೀಜಿನ ಹಿಂದಿನ ಖೋಲಿ,
ಪುಣೆ
೫ ಡಿಸೆಂಬರ್ ೧೯೪೦

ರಾಮಲಿಂಗಪ್ಪನಿಗೆ,

ಮೊದಲು ‘ಅಣ್ಣ’ ಎಂದು ಬರೆದು ಆಮೇಲೆ ಗೀಚಿ ಹಾಕಿದ್ದೇನೆ. ಗೀಚಿದ್ದು ನಿನಗೆ ಕಾಣಲಿ ಎಂದೇ ಬೇರೆ ಹಾಳೆ ತೆಗೆದುಕೊಳ್ಳಲಿಲ್ಲ. ನಿನ್ನ ಕ್ಷೇಮ ಕೇಳಲು ಬರೆದ ಕಾಗದವೂ ಇದಲ್ಲ. ನೀನು ಕ್ಷೇಮವಾಗಿಯೇ ಇರುತ್ತೀಯ. ನಿನ್ನಂಥವರಿಗೆ ಏನಾಗುತ್ತದೆ?

ನಿನಗೆ ಮರೆವು ಹೆಚ್ಚು, ಅದಕ್ಕೆ ನೆನಪು ಮಾಡಿಕೊಡುತ್ತೇನೆ. ಈ ಟಾಕೀಜಿನಲ್ಲಿ ನೀನು ಮಿಸ್ತ್ರಿಯಾಗಿದ್ದೆ. ನಿನ್ನ ತಂಗಿಯ ಗಂಡ ಇಲ್ಲಿಯ ಥಂಡಿ ಗಾಳಿಯ ಮಷೀನು ತೊಳೆಯುವವರಾಗಿದ್ದರು. ಗದಗಿನಿಂದ ಅವರನ್ನು ಕರೆಸಿ ಕೆಲಸಕ್ಕೆ ಹಚ್ಚಿದವನೂ ನೀನೇ. ಆರು ವರ್ಷ ಅವರು ಕುರ್ಚಿಗಳ ಕೆಳಗೆ ಗಾಳಿ ಹರಿಯುವ ಭುಯಾರದಲ್ಲಿ ಹೊಟ್ಟೆಯ ಮೇಲೆ ತೆವಳಿದರು. ನೆಲದ ಜಾಳಿಗೆಯಿಂದ ಬಿದ್ದ ಶೇಂಗಾ ಸಿಪ್ಪೆ, ಬೀಡಿ ತುಂಡು, ಎಲೆಯಡಿಕೆಯ ಉಗುಳು, ಸತ್ತ ಇಲಿ, ಎಲ್ಲವನ್ನೂ ಬಳಿದು ತೆಗೆದರು. ನೀರಿನ ಹೌದಿನ ಪಾಚಿ ಕೆರೆದರು, ಲಾವಂಚದ ಖಸ್ ತಟ್ಟಿಗಳನ್ನು ತೊಳೆದು ಬಿಸಿಲಿಗೆ ಹಾಕಿದರು. ಮೇಲೆ ಕೂತವರು ‘ಕಾಯ ಗಾರ ವಾರಾ ಆಹೇ!’, ಏನು ತಂಪು ಗಾಳಿ, ಎಂದು ಸೆಖೆಗಾಲದಲ್ಲಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಆ ಗಾಳಿ ಒಂದು ದಿನವೂ ನಾರಲಿಲ್ಲ. ಯಾಕೆ ನಾರಲಿಲ್ಲ ಎಂದು ಯಾರೂ ಕೇಳಲಿಲ್ಲ.

ಒಳಗೆ ಹೋಗುವ ಮೊದಲು ಅವರು ಮಷೀನಿನ ಬಿಳಿ ಚೀನಿಮಣ್ಣಿನ ಫ್ಯೂಜು ಕಿತ್ತು ಕಿಸೆಯಲ್ಲಿ ಹಾಕಿಕೊಳ್ಳುತ್ತಿದ್ದರು. ಅದಿಲ್ಲದೆ ಬೋರ್ಡಿನ ಖಟಕಾದ ಹಿಡಿ ಎಷ್ಟು ಸಲ ಎಳೆದರೂ ಕರೆಂಟು ಹರಿಯದು, ಪಂಖ ತಿರುಗದು. ‘ಫ್ಯೂಜ ಫಕೀರಪ್ಪನ ಕಿಸೆದಾಗ ಇತ್ತು ಅಂದ್ರ ಫಕೀರಪ್ಪ ಮಷೀನಿನ್ಯಾಗ ಇದ್ದಾನ’ ಎಂದು ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದವನು ನೀನು. ಆ ಪದ್ಧತಿ ಹಾಕಿದವನ ಕೈಕೆಳಗೇ ಈ ಸಲದ ದಸರೆಯಲ್ಲಿ, ಹತಾರಗಳಿಗೆ ಪೂಜೆ ಮಾಡುವ ಖಂಡೇಪೂಜೆಯ ದಿನ, ಅವರ ಬಲಗೈಯ ಮೂರು ಬೆರಳು ಪಂಖಕ್ಕೆ ಹೋದವು.

ಮರುವಾರವೇ ನೀನು ಒಂದು ರಿಪೋರ್ಟು ಬರೆದುಕೊಟ್ಟು, ಹೆಂಡತಿ ಪಾರವ್ವನನ್ನು ಕರೆದುಕೊಂಡು ಶಿರೂರಿನ ಮೋಟಾರು ಹತ್ತಿದೆ. ಆ ರಿಪೋರ್ಟನ್ನು ನಿನ್ನೆ ಮ್ಯಾನೇಜರ್ ಮಧುಕರರಾವ್ ನನಗೆ ಓದಿ ಹೇಳಿದರು. ‘ಫಕೀರಪ್ಪನು ಸಂಜೆ ನಾಲ್ಕು ಗಂಟೆಗೆ ಯಾರಿಗೂ ಹೇಳದೆ ಪಂಖದ ಡಬ್ಬಿಯೊಳಗೆ ಸಾಫ್ ಮಾಡಲು ಹೋದನು. ನಾನು ತಪಾಸಣೆಗಾಗಿ ಖಟಕಾ ಎಳೆದೆನು. ತಪ್ಪು ಅವನದೇ.’ ಮಧುಕರರಾವ್ ಅಂದರು, ಹೇಳದೆ ಕೇಳದೆ ಮಷೀನಿಗೆ ನುಗ್ಗುವವನನ್ನು ಇಟ್ಟುಕೊಳ್ಳಲು ಟಾಕೀಜಿನ ಮಾಲಕ ಶೇಠರು ಒಪ್ಪುವುದಿಲ್ಲ. ಮಿಸ್ತ್ರಿ ತನ್ನ ರಿಪೋರ್ಟು ತಿದ್ದಿ ಸಹಿ ಹಾಕಿ ಕೊಟ್ಟರೆ ಇವರಿಗೆ ಕೆಲಸ ಉಂಟು. ಹೋಳಿ ಹುಣ್ಣಿಮೆಯೊಳಗೆ ಕೊಡದಿದ್ದರೆ ಬೇಸಿಗೆಯ ದೊಡ್ಡ ತೊಳೆತಕ್ಕೆ ಹೊಸಬ ಬರುತ್ತಾನೆ, ನಾವು ಖೋಲಿ ಬಿಡಬೇಕು.

ಇವರು ಎಡಗೈಯಲ್ಲಿ ಬ್ರಷ್ ಹಿಡಿಯಲು ಕಲಿತಿದ್ದಾರೆ. ಕೆಲಸ ಬರುತ್ತದೆ, ಮಾನ ಬರಬೇಕಾಗಿದೆ. ಅದು ನಿನ್ನ ಸಹಿಯಲ್ಲಿ ಸಿಕ್ಕಿಬಿದ್ದಿದೆ. ಇವರು ಹೇಳದೆ ಹೋಗುವವರಲ್ಲ ಎಂದು ಬರೆದು ಕಳಿಸು.

ಆ ದಿನ ಆ ಖಟಕಾ ಎಳೆದ ಕೈ ಕೊಳೆತು ಬೀಳಲಿ. ದೇವರ ಮುಂದೆ ದೀಪ ಹಚ್ಚಿ ಇದೇ ಮಾತು ಹೇಳಿದ್ದೇನೆ, ದಿನಾ ಹೇಳುತ್ತೇನೆ.

ನಿನ್ನ ತಂಗಿಯಾಗಿದ್ದ
ಶಿವಗಂಗವ್ವ


ಶಿರೂರು
೧೪ ಡಿಸೆಂಬರ್ ೧೯೪೦

ಚಿ. ಸೌ. ಶಿವಗಂಗಾಳಿಗೆ ರಾಮಲಿಂಗಪ್ಪನ ಆಶೀರ್ವಾದಗಳು.

ನೀನು ಗೀಚಿದರೂ ನಾನು ಗೀಚುವುದಿಲ್ಲ. ದೊಡ್ಡವನಾಗಿ ಹುಟ್ಟಿದ ತಪ್ಪಿಗೆ ಬೈಸಿಕೊಳ್ಳಲೇಬೇಕಲ್ಲ. ಇಲ್ಲಿ ಒಂದು ಹಿಟ್ಟಿನ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದೇನೆ. ಪುಣೆಯಲ್ಲಿ ಮಿಸ್ತ್ರಿ ಎಂದು ಟೊಪ್ಪಿಗೆ ತೆಗೆದು ಮಾತಾಡಿಸುತ್ತಿದ್ದರು. ಇಲ್ಲಿ ಜೋಳದ ಚೀಲ ಹೊತ್ತ ಹೆಂಗಸರು ‘ಏ ಎಂಜಿನವಾಲೇ’ ಎನ್ನುತ್ತಾರೆ. ಓಡಿಬಂದವನ ಸುಖ ಇಷ್ಟು.

ರಿಪೋರ್ಟು ತಿದ್ದುವುದಿಲ್ಲ. ಬರೆದದ್ದು ಬರೆದಾಯಿತು. ಒಂದೇ ಅಪಘಾತಕ್ಕೆ ಎರಡು ರಿಪೋರ್ಟು ಕೊಟ್ಟರೆ ಶೇಠರು ಎರಡನ್ನೂ ನಂಬುವುದಿಲ್ಲ. ಅಷ್ಟು ಬುದ್ಧಿ ನಿನಗೆ ಇರಬೇಕಿತ್ತು. ಗದಗಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ನಿನ್ನನ್ನು ಓದಿಸಿದ್ದು ಹೀಗೆ ಬೈದು ಬರೆಯಲಿ ಎಂದು ಅಲ್ಲ.

ನಿನ್ನ ಗಂಡನ ಮಾತು ಹೇಳಬೇಕೆಂದರೆ, ಅವನು ಮಷೀನು ತೊಳೆಯುವವನು. ಗುಡಿಯ ಪೂಜಾರಿಯಂತೆ ಆಡುತ್ತಿದ್ದ. ಪಂಖ ಮುಟ್ಟುವ ಮೊದಲು ಕೈ ತೊಳೆಯುವುದೇನು, ಅದಕ್ಕೆ ಶರಣು ಮಾಡುವುದೇನು! ಕಬ್ಬಿಣಕ್ಕೆ ಭಕ್ತಿ ಬೇಕಿಲ್ಲ, ಎಚ್ಚರ ಬೇಕು. ಹತ್ತು ಸಲ ಹೇಳಿದ್ದೆ. ನೀನು ನನಗೆ ಬರೆಯುವ ಮೊದಲು ಅವನನ್ನು ಕೇಳು. ಬೆರಳು ಹೋದವನೇ ಸುಮ್ಮನಿರುವಾಗ ನಿನ್ನದು ಏನು ಹಾರಾಟ?

ಒಂದು ಮಾತು ಮಾತ್ರ ಕೇಳಿಕೊಳ್ಳುತ್ತೇನೆ. ನನಗೆ ಏನು ಬೇಕಾದರೂ ಬೈ. ಕೈಗೆ ಹಾಕಿದ ಆ ಶಾಪವನ್ನು ಹಿಂದೆ ತೆಗೆದುಕೊ. ದೇವರ ಮುಂದೆ ಇನ್ನೊಮ್ಮೆ ಹೇಳಬೇಡ.

ನೀನು ಒಪ್ಪದಿದ್ದರೂ ನಿನ್ನ ಅಣ್ಣ
ರಾಮಲಿಂಗಪ್ಪ


ಪುಣೆ
೨ ಜನವರಿ ೧೯೪೧

ರಾಮಲಿಂಗಪ್ಪನಿಗೆ,

ಅಬ್ಬಾ, ನಿನ್ನ ಕೈ ಎಷ್ಟು ನಾಜೂಕು! ಮೂರು ಬೆರಳು ಕಳೆದುಕೊಂಡವರು ಚಕಾರ ಎತ್ತುವುದಿಲ್ಲ, ಐದಕ್ಕೆ ಐದೂ ಇಟ್ಟುಕೊಂಡವನು ಶಾಪಕ್ಕೆ ನಡುಗುತ್ತಾನೆ. ಹಿಂದೆ ತೆಗೆದುಕೊಳ್ಳುವುದಿಲ್ಲ. ನಿನ್ನೆಯಿಂದ ದಿನಕ್ಕೆ ಎರಡು ಸಲ ಹೇಳುತ್ತಿದ್ದೇನೆ.

ಯಾಕೆಂದರೆ ನಿನ್ನೆ ನನಗೆ ಒಂದು ವಸ್ತು ಸಿಕ್ಕಿತು. ಆ ದಿನ ಇವರು ಹಾಕಿಕೊಂಡಿದ್ದ ಖಾಕಿ ಕೋಟು ಆಸ್ಪತ್ರೆಯಿಂದ ಬಂದಾಗಿನಿಂದ ಗಂಟಿನಲ್ಲೇ ಇತ್ತು. ರಕ್ತ ನೋಡಲಾರದೆ ಬಿಚ್ಚಿರಲಿಲ್ಲ. ನಿನ್ನೆ ನೆನೆಹಾಕಬೇಕೆಂದು ಧೈರ್ಯ ಮಾಡಿ ಬಿಚ್ಚಿದೆ. ಎಡ ಕಿಸೆಯಲ್ಲಿ ವಿಭೂತಿ ಗಟ್ಟಿ ಸಿಕ್ಕಿತು. ಒಂದು ಮಗ್ಗುಲು ನೀರು ಹಾಕಿ ತೇದದ್ದು, ಬೆರಳಿನ ಗುರುತು ಹಾಗೇ ಒಣಗಿತ್ತು.

ನಾನು ಅದನ್ನು ಹಿಡಿದುಕೊಂಡು ಕಲ್ಲಿನ ಮೇಲೆ ಕೂತುಬಿಟ್ಟೆ. ವಿಭೂತಿ ತೇಯುವುದು ಪೂಜೆಗೆ, ಸಾಫ್ ಮಾಡಲು ಅಲ್ಲ ಎಂಬಲ್ಲಿಂದ ಮೆಲ್ಲಗೆ ಒಂದೊಂದೇ ಹೊಳೆಯಿತು. ನನ್ನ ಬುದ್ಧಿಯ ಮಾತಾಡಿದೆಯಲ್ಲ, ಈಗ ಕೇಳು.

ಖಂಡೇಪೂಜೆಯ ದಿನ ನಮ್ಮವರು ಹತಾರ ಮುಟ್ಟುವುದಿಲ್ಲ. ಬ್ರಷ್ಷು, ಪಾನಾ, ಕೆರೆಯುವ ಪಟ್ಟಿ, ಎಲ್ಲವನ್ನೂ ತೊಳೆದು ಮಣೆಯ ಮೇಲೆ ಇಟ್ಟು ಪೂಜೆ ಮಾಡಿದ ಮೇಲೆ ಮರುದಿನ ಬನ್ನಿ ಕೊಟ್ಟು ತೆಗೆದುಕೊಂಡ ನಂತರವೇ ಎತ್ತುವುದು. ನಮ್ಮಪ್ಪ ಆ ದಿನ ಕುಡುಗೋಲನ್ನೂ ಎತ್ತಲಿಲ್ಲ, ನೀನೂ ಎತ್ತಿದವನಲ್ಲ. ಹಾಗಿರುವಾಗ ನಾಲ್ಕು ಗಂಟೆಗೆ ಇವರು ಯಾವ ಹತಾರ ಹಿಡಿದು ಸಾಫ್ ಮಾಡಲು ಹೋದರು? ಆ ದಿನ ಆಟ ನಡೆದರೂ ಥಂಡಿ ಮಷೀನಿಗೆ ವಿಶ್ರಾಂತಿ. ನೀನು ನಾಲ್ಕು ಗಂಟೆಗೆ ಯಾವ ತಪಾಸಣೆಗೆ ಖಟಕಾ ಎಳೆದೆ? ಮಧುಕರರಾವ್ ಮುಂಬಯಿಯಿಂದ ಹೊಸದಾಗಿ ಬಂದವರು, ಅವರಿಗೆ ಹಬ್ಬಕ್ಕೆ ಪೇಢೆ ಹಂಚುವುದಷ್ಟೇ ಗೊತ್ತು. ನಾನು ನಿನ್ನ ಮನೆಯಲ್ಲೇ ಹುಟ್ಟಿದವಳು. ನಿನ್ನ ರಿಪೋರ್ಟು ಹಸಿ ಸುಳ್ಳು.

ಬೆಳಿಗ್ಗೆ ಹನ್ನೊಂದಕ್ಕೆ ಪೂಜೆಯ ಹೊತ್ತಿಗೆ ನಾನು ಕಡಬು ಹೊತ್ತು ಬಂದಿರಲಿಲ್ಲವೇ? ಎಲ್ಲವೂ ಸರಿಯಾಗಿತ್ತು. ಮುಂದಿನ ಪಡಸಾಲೆಯಲ್ಲಿ ಖಟಕಾದ ಬೋರ್ಡಿಗೆ ಹೂವಿನ ಮಾಲೆ ಹಾಕಿದ್ದಿರಿ. ಹತಾರಗಳ ನಡುವೆ ಇವರ ಫ್ಯೂಜನ್ನೂ ಇಟ್ಟು ಕುಂಕುಮ ಹಚ್ಚಿದ್ದಿರಿ. ಸನಾದಿಯವರು ಕಿವಿ ಒಡೆಯುವಂತೆ ಊದುತ್ತಿದ್ದರು. ಶೇಠರ ಮನೆಯವರೆಲ್ಲ ಬಂದು ನಿಂತಾಗ ನೀನು ಮಣೆಯ ಮೇಲಿನ ಫ್ಯೂಜು ತೆಗೆದು ಬೋರ್ಡಿಗೆ ಹಾಕಿ, ‘ನಮ್ಮ ಮನಿ ಮಗಳ ಕೈಲೆ ಒಂದು ಸುತ್ತು ತಿರುಗಲಿ’ ಎಂದು ನನ್ನನ್ನು ಮುಂದೆ ಕರೆದೆ. ನಾನು ಖಟಕಾ ಎಳೆದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನೀನೇ ಬಂದ್ ಮಾಡಿ, ‘ಸಾಕ, ಶಾಸ್ತ್ರ ಆತು’ ಎಂದು ಪ್ರಸಾದ ಕೊಟ್ಟು ಕಳಿಸಿದೆ. ‘ಅವರೆಲ್ಲಿ?’ ಎಂದು ಕೇಳಿದ್ದಕ್ಕೆ ‘ಕಾಯಿ ತರಾಕ ಹೋಗ್ಯಾನ’ ಎಂದೆ. ಅಂಥ ಒಳ್ಳೆಯ ಬೆಳಗು ಸಂಜೆಯಾಗುವುದರೊಳಗೆ ಹೇಗೆ ಕೆಟ್ಟಿತು?

ಇವರನ್ನು ಕೇಳಿದೆ. ‘ಬಿಡ ಗಂಗಾ, ಆದದ್ದ ಆತು’ ಅನ್ನುತ್ತಾರೆ, ಗೋಡೆಯ ಕಡೆಗೆ ಹೊರಳುತ್ತಾರೆ. ನಾನು ಬಿಡುವವಳಲ್ಲ. ಖರೇ ವೇಳೆ ಎಷ್ಟು? ಇವರು ಯಾರಿಗೆ ಹೇಳಿ ಒಳಗೆ ಹೋಗಿದ್ದರು? ಖಟಕಾ ಎಳೆದದ್ದು ಯಾರು? ಮೂರಕ್ಕೂ ಉತ್ತರ ಬರೆ.

ಶಿವಗಂಗವ್ವ


ಶಿರೂರು
೨೦ ಜನವರಿ ೧೯೪೧

ಶಿವಗಂಗಾಳಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಮೂರು ಸಲ ಉತ್ತರ ಬರೆದು ಮೂರು ಸಲ ಎಂಜಿನ್ನಿನ ಎಣ್ಣೆ ಒರೆಸುವ ಅರಿವೆಯ ಜೊತೆ ಸುಟ್ಟೆ.

ಮೂರು ಪ್ರಶ್ನೆಗೂ ಉತ್ತರವಿಲ್ಲ. ಖಟಕಾ ನಾನು ಎಳೆದೆ ಎಂದು ರಿಪೋರ್ಟಿನಲ್ಲೇ ಬರೆದಿದ್ದೇನೆ, ಅಷ್ಟು ಸಾಲದೇ? ಕಳ್ಳ, ಹೇಡಿ, ಸುಳ್ಳ ಎಂದು ಏನು ಬೇಕಾದರೂ ಅನ್ನು. ಅತ್ತಿಗೆ ಪಾರವ್ವ ನಿನ್ನ ಕಾಗದ ಓದಿಸಿಕೊಂಡು ಕೇಳಿ ಎರಡು ದಿನ ಊಟ ಬಿಟ್ಟಳು. ‘ಆಕಿಗಿ ಹೇಳಿಬಿಡ್ರಿ’ ಎಂದು ನನ್ನ ಬೆನ್ನು ಹತ್ತಿದ್ದಾಳೆ. ಹೆಂಗಸರ ಮಾತು ಕೇಳಿ ಮಷೀನು ನಡೆಸಲು ಬರುವುದಿಲ್ಲ.

ವಿಭೂತಿ ಗಟ್ಟಿ ದೇವರ ಗೂಡಿನಲ್ಲಿಡು. ಕೋಟು ಸುಟ್ಟುಬಿಡು. ಪುಣೆಯಲ್ಲಿ ಇದೊಂದೇ ಟಾಕೀಜು ಇಲ್ಲ. ಗಂಡನನ್ನು ಕರೆದುಕೊಂಡು ಬೇರೆ ಕಡೆ ಕೆಲಸ ನೋಡು. ಈ ಗಾಯ ಕೆದರಬೇಡ. ಕೆದರಿದರೆ ನೋಯುವುದು ನನಗಲ್ಲ.

ಶಾಪ ಮಾತ್ರ ನಿಲ್ಲಿಸು. ದಿನಕ್ಕೆ ಎರಡು ಸಲ ಎಂದು ಬರೆದಿದ್ದೀಯಲ್ಲ. ಹುಚ್ಚಿ!

ರಾಮಲಿಂಗಪ್ಪ


ಪುಣೆ
೮ ಫೆಬ್ರುವರಿ ೧೯೪೧

ಮಿಸ್ತ್ರಿಯವರಿಗೆ,

ಇನ್ನು ಅಣ್ಣನೂ ಇಲ್ಲ, ಹೆಸರೂ ಇಲ್ಲ.

ಬೇರೆ ಟಾಕೀಜಿಗೆ ಹೋಗಬೇಕಂತೆ! ಹೋಗಿದ್ದೆವು. ಎರಡು ಕಡೆ ಹೋದೆವು. ಒಂದು ಕಡೆ ಮ್ಯಾನೇಜರು ಇವರ ಕೈ ನೋಡಿ ‘ನವಚಂದ್ರದಲ್ಲಿ ಕುಡಿದು ಮಷೀನಿಗೆ ಬಿದ್ದವ ಇವನೇ ಏನು?’ ಎಂದು ಬಾಗಿಲಲ್ಲಿ ನಿಂತವನನ್ನು ಕೇಳಿದ. ಕುಡಿದು! ಲಿಂಗ ಕಟ್ಟಿದ ಮೈಗೆ ಸೆರೆಯ ಹನಿ ತಾಗಿಸದವರಿಗೆ! ನಿನ್ನ ‘ಯಾರಿಗೂ ಹೇಳದೆ’ ಎಂಬ ಒಂದು ಮಾತು ಊರು ಸುತ್ತಿ ಇಷ್ಟು ದೊಡ್ಡದಾಗಿದೆ. ಇವರು ಹೊರಗೆ ಬಂದರು. ದಾರಿಯುದ್ದಕ್ಕೂ ಗಾಯದ ಕೈ ಕೋಟಿನೊಳಗೆ ಇಟ್ಟುಕೊಂಡೇ ನಡೆದರು. ನನಗೆ ಆ ನಡೆ ನೋಡಲು ಆಗಲಿಲ್ಲ, ನಾಲ್ಕು ಹೆಜ್ಜೆ ಮುಂದೆ ನಡೆದೆ.

ಆದ್ದರಿಂದ ನಿರ್ಧಾರ ಮಾಡಿದ್ದೇನೆ. ಕಚೇರಿಯ ಮುಂದೆ ಕೂತು ಅರ್ಜಿ ಬರೆಯುವ ಅವಧೂತ ಎಂಬವರಿದ್ದಾರೆ. ಅವರಿಂದ ಮರಾಠಿಯಲ್ಲಿ ಅರ್ಜಿ ಬರೆಸಿದ್ದೇನೆ. ರಾಮಲಿಂಗಪ್ಪ ಮಿಸ್ತ್ರಿ ಸುಳ್ಳು ವೇಳೆ ಬರೆದಿದ್ದಾನೆ, ಫಕೀರಪ್ಪ ಒಳಗಿರುವುದು ಗೊತ್ತಿದ್ದೇ ಖಟಕಾ ಎಳೆದ, ಪೂಜೆಗೆ ಬಂದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆಸಿ ಕೇಳಬೇಕು ಎಂದು. ಶಿವರಾತ್ರಿಯೊಳಗೆ ನಿನ್ನ ಉತ್ತರ ಬಾರದಿದ್ದರೆ ಪೊಲೀಸ್ ಚೌಕಿಗೆ ಕೊಡುತ್ತೇನೆ. ಬೇಡಿ ಹಾಕಿಕೊಂಡು ಶಿರೂರಿನ ಬಜಾರಿನಲ್ಲಿ ನಡೆದು ಬಾ.

ಆ ಕೈಗೆ ಹುಳು ಬೀಳಲಿ. ಅನ್ನ ಬಾಯಿಗೆ ಇಡಲಾರದಂತಾಗಲಿ.

ಶಿವಗಂಗವ್ವ, ಫಕೀರಪ್ಪನ ಹೆಂಡತಿ


ಶಿರೂರು
೧೭ ಫೆಬ್ರುವರಿ ೧೯೪೧

ಶಿವಗಂಗಾ,

ಅರ್ಜಿ ಹರಿದುಹಾಕು. ಪೂಜೆಗೆ ಬಂದವರನ್ನು ಕರೆಸಿ ಕೇಳಿದರೆ ಅವರು ಏನು ಹೇಳುತ್ತಾರೆ ಎಂದು ಒಂದು ಗಳಿಗೆಯಾದರೂ ಯೋಚಿಸಿದೆಯಾ? ಇಷ್ಟು ದಿನ ನಿನ್ನ ಬೈಗಳು ನುಂಗಿದೆ. ಇನ್ನು ನುಂಗಲಾರೆ. ಬೇಕು ಬೇಕು ಎಂದು ಕೇಳಿದೆಯಲ್ಲ, ತೆಗೆದುಕೊ.

ನಾಲ್ಕು ಗಂಟೆ ಸುಳ್ಳು. ಆದದ್ದು ಬೆಳಿಗ್ಗೆ ಹನ್ನೊಂದಕ್ಕೆ, ಪೂಜೆಯ ಹೊತ್ತಿನಲ್ಲಿ. ಅವನು ಕಾಯಿ ತರಲು ಹೋಗಿರಲಿಲ್ಲ. ಹಿಂದೆ, ಪಡದೆಯ ಕೆಳಗೆ, ಪಂಖದ ಡಬ್ಬಿಯೊಳಗೆ ಕೈ ಹಾಕಿ ರೆಕ್ಕೆಗಳಿಗೆ ವಿಭೂತಿ ಹಚ್ಚುತ್ತಿದ್ದ. ಮುಂದಿನ ಬೋರ್ಡಿಗೆ ಎಲ್ಲರೂ ಹೂವು ಹಾಕುತ್ತಾರೆ, ದುಡಿಯುವ ಪಂಖಕ್ಕೆ ಯಾರೂ ಏನೂ ಹಚ್ಚುವುದಿಲ್ಲ ಎಂಬುದು ಅವನ ಹುಚ್ಚು. ಎಂದೂ ಬಿಡದ ಫ್ಯೂಜು ಆ ದಿನ ಕಿಸೆಯಲ್ಲಿರಲಿಲ್ಲ, ಮಣೆಯ ಮೇಲೆ ಪೂಜೆಗೆ ಇತ್ತು. ನಾನು ಅದನ್ನು ಬೋರ್ಡಿಗೆ ಹಾಕಿದೆ. ನಿನ್ನನ್ನು ಕರೆದೆ.

ಖಟಕಾ ಎಳೆದವಳು ನೀನು.

ಸನಾದಿಯ ಗದ್ದಲದಲ್ಲಿ ಅವನು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಪಂಖದ ಸದ್ದು ಬದಲಾದದ್ದು ನನಗೊಬ್ಬನಿಗೆ ತಿಳಿಯಿತು. ಬಂದ್ ಮಾಡಿ, ನಿನ್ನ ಕೈಗೆ ಪ್ರಸಾದ ಕೊಟ್ಟು ಮನೆಗೆ ಅಟ್ಟಿ, ನಿನ್ನ ಖೋಲಿಗೆ ಕಾಣದ ಪಕ್ಕದ ಬಾಗಿಲಿನಿಂದ ಟಾಂಗಾದಲ್ಲಿ ಅವನನ್ನು ಆಸ್ಪತ್ರೆಗೆ ಒಯ್ದೆ. ಹನ್ನೊಂದು ಗಂಟೆ ಎಂದು ಬರೆದರೆ ಖಟಕಾ ಯಾರು ಎಳೆದರು ಎಂಬುದು ಇಡೀ ಟಾಕೀಜಿಗೆ ಗೊತ್ತು, ಎಲ್ಲರೂ ಚಪ್ಪಾಳೆ ತಟ್ಟಿದ್ದಾರೆ. ಆದ್ದರಿಂದ ನಾಲ್ಕು ಎಂದು ಬರೆದೆ, ನಾನೇ ಎಳೆದೆ ಎಂದು ಬರೆದೆ. ಯಾರ ಸಲುವಾಗಿ ಬರೆದೆ? ನಿನ್ನ ಸಲುವಾಗಿ! ಅದಕ್ಕೆ ಪ್ರತಿಫಲ ನೋಡು. ದೇವರ ಮುಂದೆ ದೀಪ ಹಚ್ಚಿ ನಿನ್ನ ಕೈಗೆ ನೀನೇ ಹುಳು ಬೀಳಿಸುತ್ತ ಕೂತಿದ್ದೀಯ.

ನಂಬಿಕೆ ಬಾರದಿದ್ದರೆ ಇದರೊಳಗೆ ಇಟ್ಟ ಚೀಟಿ ಓದು. ಆಸ್ಪತ್ರೆಯಲ್ಲಿದ್ದಾಗ ನಿನ್ನ ಗಂಡ ಎಡಗೈಯಿಂದ ಬರೆದು ಪಾರವ್ವನ ಕೈಯಲ್ಲಿ ಕೊಟ್ಟದ್ದು. ಈಗ ಹೋಗು, ಬೇಕಾದರೆ ಚೌಕಿಗೆ ಹೋಗು.

ರಾಮಲಿಂಗಪ್ಪ

(ಒಳಗಿದ್ದ ಚೀಟಿ)

೧೬ ಅಕ್ಟೋಬರ್ ೧೯೪೦

ಭಾವನವರಿಗೆ ಫಕೀರಪ್ಪನ ಶರಣು. ಎಡಗೈ ಬರಹ ಅದ, ಸೊಟ್ಟ ಆದ್ರ ಓದಿಕೋರಿ.

ಖಟಕಾ ಗಂಗಾ ಎಳದ್ಲು ಅಂತ ಆಕಿಗಿ ತಿಳಿಸಬ್ಯಾಡ್ರಿ. ಆಕಿ ಜೀವಾ ಇಟ್ಟುಕೊಳ್ಳಾಂಗಿಲ್ಲ.

ನಾ ‘ವಿಭೂತಿ ಹಚ್ಚಿ ಬರ್ತೀನ್ರಿ’ ಅಂತ ನಿಮಗ ಹೇಳಿ ಒಳಗ ಹೋಗಿದ್ದೆ, ನೀವು ‘ಹೂಂ’ ಅಂದಿದ್ರಿ. ಅದನ್ನೂ ಬರೀಬ್ಯಾಡ್ರಿ. ಬರದ್ರ ಮುಂದಿಂದೆಲ್ಲಾ ಕೇಳ್ತಾರ. ತಪ್ಪು ನನ್ನ ಮ್ಯಾಲೆ ಇರಲಿ.

ಫಕೀರಪ್ಪ


ಪುಣೆ
೨ ಮಾರ್ಚ್ ೧೯೪೧

ರಾಮಲಿಂಗಪ್ಪ,

ನಿನ್ನ ಕಾಗದ ಬಂದ ದಿನ ಒಲೆ ಹಚ್ಚಲಿಲ್ಲ. ಮರುದಿನವೂ ಹಚ್ಚಲಿಲ್ಲ. ನನ್ನ ಬಲಗೈಯನ್ನು ನಾನೇ ನೋಡುತ್ತ ಕೂತಿದ್ದೆ. ಬಳೆ ಒಡೆದು ಹಾಕಬೇಕು, ಕೈಯನ್ನು ಕಲ್ಲಿಗೆ ಕುಟ್ಟಬೇಕು ಅನ್ನಿಸಿತು. ಇವರು ಬಂದು ಎದುರಿಗೆ ಕೂತರು. ಚೀಟಿ ನನ್ನ ಮಡಿಲಲ್ಲಿತ್ತು, ನೋಡಿದ ಕೂಡಲೇ ಎಲ್ಲ ತಿಳಿದುಕೊಂಡರು.

‘ಎಡಗೈಲೆ ಬರಿಯೋದು ನನಗ ಯಾಕ ಹೇಳಲಿಲ್ರಿ?’ ಎಂದೆ. ಅಷ್ಟೊಂದು ಕೇಳಬೇಕಾದದ್ದಿರುವಾಗ ಬಾಯಿಗೆ ಬಂದದ್ದು ಇಷ್ಟೇ.

‘ಹೇಳಿದ್ರ ಮೊದಲ ಏನು ಬರದ್ರಿ ಅಂತ ಕೇಳತಿದ್ದಿ’ ಎಂದರು.

‘ನಾನಽ ಎಳದೇನಲ್ರಿ. ನನ್ನ ಕೈಲೇ ಎಳದೇನಿ.’

‘ಎಳದಿ, ಖರೆ. ನಾ ಒಳಗ ಇದ್ದದ್ದು ನಿನಗ ಗೊತ್ತಿತ್ತೇನು?’

‘ಇಲ್ರಿ.’

‘ಮತ್ತ?’ ಎಂದರು. ಉಳಿದ ಎರಡು ಬೆರಳಿನಿಂದ ನನ್ನ ಕೈ ಹಿಡಿದುಕೊಂಡರು. ಐದು ತಿಂಗಳಲ್ಲಿ ಆ ಕೈಯಿಂದ ನನ್ನನ್ನು ಮುಟ್ಟಿರಲಿಲ್ಲ. ನಾನು ಅತ್ತೆ, ಗಟ್ಟಿಯಾಗಿ ಅತ್ತೆ. ಪಕ್ಕದ ಖೋಲಿಯ ಶಿವಬಸವ್ವ ಏನಾಯಿತೋ ಎಂದು ಓಡಿ ಬಂದಳು.

ಅತ್ತು ಮುಗಿದ ಮೇಲೆ ಚೀಟಿಯನ್ನು ಮತ್ತೊಮ್ಮೆ ಓದಿದೆ. ರಾಮಲಿಂಗಪ್ಪ, ನನ್ನ ಬಾಯಿ ಮುಚ್ಚಿಸಲು ಕಳಿಸಿದೆಯಲ್ಲ ಈ ಚೀಟಿ, ಅದನ್ನು ನೀನು ಪೂರ್ತಿ ಓದಿದ್ದೀಯಾ? ಇವರು ನಿನಗೆ ಹೇಳಿ ಹೋಗಿದ್ದರು. ನೀನು ‘ಹೂಂ’ ಅಂದಿದ್ದೆ. ಅದು ಗೊತ್ತಿದ್ದ ನೀನು ಶೇಠರ ಮನೆಯವರು ಬಂದು ನಿಂತರೆಂದು ಗಡಿಬಿಡಿಯಲ್ಲಿ ಮರೆತೆ. ಮರೆತು ಫ್ಯೂಜು ಹಾಕಿದೆ. ಗೊತ್ತಿಲ್ಲದ ನನ್ನನ್ನು ಮುಂದೆ ತಳ್ಳಿದೆ. ಆಮೇಲೆ ‘ಯಾರಿಗೂ ಹೇಳದೆ ಹೋದ’ ಎಂದು ಬರೆದೆ. ಇವರು ಮುಚ್ಚಿಟ್ಟದ್ದು ನನ್ನನ್ನು ಉಳಿಸಲು. ನೀನು ಮುಚ್ಚಿಟ್ಟದ್ದು ನಿನ್ನನ್ನು ಉಳಿಸಿಕೊಳ್ಳಲು. ಐದು ತಿಂಗಳು ನನ್ನ ಸೆರಗಿನ ಹಿಂದೆ ಅಡಗಿಕೊಂಡು, ತಂಗಿಯ ಸಲುವಾಗಿ, ತಂಗಿಯ ಸಲುವಾಗಿ ಎಂದು ನಿನಗೆ ನೀನೇ ಹೇಳಿಕೊಂಡೆ. ನಾಚಿಕೆಯಾಗಬೇಕು!

ಅರ್ಜಿ ಹರಿದಿದ್ದೇನೆ. ಅದರ ಬದಲು ನಿನ್ನೆ ನಾನೇ ಮಧುಕರರಾವ್ ಅವರ ಮುಂದೆ ಹೋಗಿ ನಿಂತೆ. ಇವರು ಬೇಡ ಬೇಡ ಎನ್ನುತ್ತ ಬಾಗಿಲವರೆಗೆ ಬಂದರು. ‘ಸಾಹೇಬ, ಖಟಕಾ ಮೀ ಓಢಲಾ’ ಎಂದೆ, ಎಳೆದವಳು ನಾನು ಎಂದು. ಅವರು ಪೆನ್ನು ಕೆಳಗಿಟ್ಟರು. ಎಲ್ಲವನ್ನೂ ಹೇಳಿದೆ, ಚೀಟಿ ಓದಿ ತಿಳಿಸಿದೆ. ಅವರು ಅಂದರು, ‘ಬಾಯಿ, ಗಂಡನ ಚೀಟಿ, ಹೆಂಡತಿಯ ಮಾತು, ಶೇಠರು ಒಪ್ಪುವುದಿಲ್ಲ. ಮಿಸ್ತ್ರಿಯ ಸಹಿ ತನ್ನಿ.’

ಹುಣ್ಣಿಮೆಗೆ ಇನ್ನು ಹನ್ನೊಂದು ದಿನವಿದೆ. ಹೀಗೆ ಬರೆ. ಫಕೀರಪ್ಪ ನನಗೆ ಹೇಳಿ ಒಳಗೆ ಹೋಗಿದ್ದ. ನಾನು ಮರೆತು ಫ್ಯೂಜು ಹಾಕಿದೆ. ನಾನು ಕರೆದದ್ದರಿಂದ ನನ್ನ ತಂಗಿ ಖಟಕಾ ಎಳೆದಳು. ಮೂರೂ ಬರೆ. ನನ್ನದನ್ನು ಬಿಟ್ಟು ಬರೆದರೆ ಆ ಕಾಗದ ನನಗೆ ಬೇಡ. ನಿನ್ನದನ್ನು ಬಿಟ್ಟರಂತೂ ಕಳಿಸಲೇಬೇಡ.

ಶಾಪದ ಮಾತು. ಅದು ನನ್ನದು, ನನ್ನ ಕೈಯ ಮೇಲೆ ಬಿದ್ದರೆ ನಾನು ಹೊರುತ್ತೇನೆ. ‘ಹೂಂ’ ಅಂದ ನಿನ್ನ ಬಾಯಿಗೆ ಇನ್ನೂ ಏನೂ ಅಂದಿಲ್ಲ. ಅನ್ನುವಂತೆ ಮಾಡಬೇಡ.

ಶಿವಗಂಗವ್ವ


ಶಿರೂರು
೮ ಮಾರ್ಚ್ ೧೯೪೧

ನವಚಂದ್ರ ಟಾಕೀಜಿನ ಮ್ಯಾನೇಜರ್ ಸಾಹೇಬರಿಗೆ,

ಖಂಡೇಪೂಜೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಫಕೀರಪ್ಪನು ನನಗೆ ಹೇಳಿ, ನನ್ನ ಒಪ್ಪಿಗೆ ಪಡೆದು, ಪಂಖದ ಡಬ್ಬಿಯೊಳಗೆ ಕೈ ಹಾಕಿದ್ದನು. ನಾನು ಅದನ್ನು ಮರೆತು ಫ್ಯೂಜು ಹಾಕಿದೆನು. ನಾನು ಕರೆದದ್ದರಿಂದ ನನ್ನ ತಂಗಿ ಶಿವಗಂಗವ್ವಳು ಖಟಕಾ ಎಳೆದಳು, ಆಕೆಗೆ ಏನೂ ಗೊತ್ತಿರಲಿಲ್ಲ. ಮೊದಲಿನ ರಿಪೋರ್ಟು ಸುಳ್ಳು.

ರಾಮಲಿಂಗಪ್ಪ, ಮಾಜಿ ಮಿಸ್ತ್ರಿ

(ಅದೇ ಲಕೋಟೆಯಲ್ಲಿ, ಬೇರೆ ತುಂಡು ಕಾಗದದಲ್ಲಿ)

ಶಿವಗಂಗಾ, ‘ಏನೂ ಗೊತ್ತಿರಲಿಲ್ಲ’ ಎಂಬುದು ನೀನು ಹೇಳದ್ದು, ನಾನು ಸೇರಿಸಿದ್ದು. ಅದನ್ನು ಹೊಡೆದು ಹಾಕಬೇಡ. ಇನ್ನು ನನ್ನನ್ನು ಯಾರೂ ಮಷೀನಿನ ಹತ್ತಿರ ಬಿಡುವುದಿಲ್ಲ. ನಿನಗೆ ಸಮಾಧಾನವಾಯಿತೇ?


ಪುಣೆ
೨೫ ಮಾರ್ಚ್ ೧೯೪೧

ರಾಮಲಿಂಗಪ್ಪನಿಗೆ,

ಸಮಾಧಾನ ಕೇಳಿದೆಯಲ್ಲ. ಆಗಿಲ್ಲ. ಕೆಲಸ ಮಾತ್ರ ಆಗಿದೆ.

ಮಧುಕರರಾವ್ ನಿನ್ನ ಕಾಗದವನ್ನು ಗೇಟಿನವರು, ಆಪರೇಟರು, ತಿಕೀಟು ಹರಿಯುವವರು, ಎಲ್ಲರನ್ನೂ ನಿಲ್ಲಿಸಿ ಮರಾಠಿಯಲ್ಲಿ ಓದಿಸಿದರು. ನನ್ನ ಹೆಸರು ಬಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಲಿಲ್ಲ. ಇವರ ಹೆಸರು ಬಂದಾಗ ಆಪರೇಟರು ಮಾರ್ತಾಂಡ ಮುಂದೆ ಬಂದು, ‘ಮಾಫ್ ಕರಾ ಫಕೀರಪ್ಪಾ, ನಾನೂ ನಿಮ್ಮನ್ನು ಕುಡುಕ ಎಂದು ನಂಬಿದ್ದೆ’ ಎಂದು ಅವರ ಎಡಗೈ ಹಿಡಿದ. ಇವರು ಅಂದಿನಿಂದ ಬಲಗೈಯನ್ನು ಕೋಟಿನೊಳಗೆ ಇಡುವುದಿಲ್ಲ.

ಇವತ್ತು ಬೆಳಿಗ್ಗೆ ಬೇಸಿಗೆಯ ದೊಡ್ಡ ತೊಳೆತ ಶುರುವಾಯಿತು. ಭುಯಾರದ ಬಾಗಿಲು ತೆಗೆದರೆ ಐದು ತಿಂಗಳ ಹೊಲಸು ಮೂಗಿಗೆ ಬಡಿಯಿತು. ಇವರು ನಕ್ಕು, ‘ನಾ ಇಲ್ಲಂದ್ರ ಯಾರೂ ಹಣಿಕಿ ನೋಡಿಲ್ಲ, ನೋಡ’ ಎಂದರು. ಬಹಳ ದಿನಕ್ಕೆ ಅವರು ನಕ್ಕದ್ದು. ಪಂಖದ ಡಬ್ಬಿ ತೆರೆದರು. ಒಂದು ರೆಕ್ಕೆಯ ಮೇಲೆ ಮೂರು ಬೆರಳಿನ ವಿಭೂತಿ ಇನ್ನೂ ಇತ್ತು, ಎರಡನೆಯದರ ಮೇಲೆ ಅರ್ಧ ಮಾತ್ರ. ಎಡಗೈಯಿಂದ ಅದನ್ನು ಪೂರ್ತಿ ಮಾಡಿದರು. ಸೊಟ್ಟ ಬಂತು. ಹಾಗೇ ಬಿಟ್ಟರು.

ಪದ್ಧತಿಯಲ್ಲಿ ಒಂದು ಬದಲಾಗಿದೆ, ಮಾಜಿ ಮಿಸ್ತ್ರಿಗೆ ತಿಳಿದಿರಲಿ. ಫ್ಯೂಜು ಇನ್ನು ಮಣೆಯ ಮೇಲೆ ಇಡುವುದಿಲ್ಲ, ಯಾವ ಹಬ್ಬಕ್ಕೂ ಇಲ್ಲ. ಇವರು ಒಳಗಿರುವಾಗ ಅದು ನನ್ನ ಹತ್ತಿರ ಇರಬೇಕೆಂದು ನಾನೇ ಕೇಳಿದೆ, ಮಧುಕರರಾವ್ ಒಪ್ಪಿದರು. ಈ ಕಾಗದವನ್ನು ಖಟಕಾದ ಬೋರ್ಡಿನ ಕೆಳಗೆ ಸ್ಟೂಲು ಹಾಕಿಕೊಂಡು ಕೂತು ಬರೆಯುತ್ತಿದ್ದೇನೆ. ಬಲಗೈಯಲ್ಲಿ ಪೆನ್ಸಿಲು, ಎಡಗೈಯ ಮುಷ್ಟಿಯಲ್ಲಿ ಫ್ಯೂಜು. ಒಳಗೆ ಬ್ರಷ್ಷಿನ ಸದ್ದು ಬರುತ್ತಿದೆ. ಸದ್ದು ನಿಂತಾಗಲೆಲ್ಲ ನನ್ನ ಬರಹ ನಿಲ್ಲುತ್ತದೆ, ಮತ್ತೆ ಬಂದಾಗ ಮುಂದುವರಿಯುತ್ತದೆ. ಅಕ್ಷರ ಅಲ್ಲಲ್ಲಿ ಕೆಟ್ಟಿರುವುದಕ್ಕೆ ಕಾರಣ ಅದು.

ಉಗಾದಿಗೆ ಬೇವು ಬೆಲ್ಲ ತಿನ್ನಲು ನಮ್ಮ ಮನೆಗೆ ಬರಬೇಡ. ಅತ್ತಿಗೆಯನ್ನು ಕಳಿಸು. ಆಕೆ ನನಗೆ ‘ಹೇಳಿಬಿಡ್ರಿ’ ಎಂದು ಉಪವಾಸ ಇದ್ದವಳು.

ನೀನು ಬರುವ ದಿನ ಇದ್ದರೆ ಖಂಡೇಪೂಜೆಯ ದಿನ ಬಾ. ಬಂದರೆ ಇವರು ಎಲ್ಲಿದ್ದಾರೆ ಎಂದು ಮೊದಲು ಕೇಳಬೇಕು. ನಾನು ಎದುರಿಗೆ ಕಾಣಿಸಿ ನಿಲ್ಲಿಸುತ್ತೇನೆ, ಕಣ್ಣಾರೆ ನೋಡಬೇಕು. ಆಮೇಲೆ ಫ್ಯೂಜು ನಾನೇ ಹಾಕುತ್ತೇನೆ, ಖಟಕಾ ನಾನೇ ಎಳೆಯುತ್ತೇನೆ. ನೀನು ಚಪ್ಪಾಳೆ ತಟ್ಟಬಹುದು.

ಶಿವಗಂಗವ್ವ